ಹೊಳೆಯ ಮೇಲೆ ಕೂಗಿದ ಹೆಸರು

ನಾನು ಜಗಳೂರು ಸೀಮೆಯವಳು. ನಮ್ಮ ಕಡೆ ನೀರು ಅಂದರೆ ಟ್ಯಾಂಕರಿನಲ್ಲಿ ಬಂದು ಬಿಂದಿಗೆಯಲ್ಲಿ ಕೂರುವ ವಸ್ತು. ಅದು ತಾನಾಗಿ ಎದ್ದು ಮನುಷ್ಯರನ್ನು ಹುಡುಕಿಕೊಂಡು ಬರುತ್ತದೆ ಎಂಬುದನ್ನು ಚಿಕ್ಕಂದಿನಲ್ಲಿ ನಾನು ಕಂಡವಳೇ ಅಲ್ಲ. ಈಜು ಬಾರದು. ತೆಪ್ಪ ಹತ್ತಿದರೆ ಇವತ್ತಿಗೂ ಕಣ್ಣು ಮುಚ್ಚಿ, ಅಂಚು ಹಿಡಿದು, ದಡ ಮುಟ್ಟುವವರೆಗೂ ಉಸಿರು ಬಿಗಿಹಿಡಿದು ಕೂರುತ್ತೇನೆ. ಇಂಥವಳು ಹೊನ್ನಾಳಿಯಿಂದ ಕೆಳಗೆ, ತುಂಗಭದ್ರೆ ಎರಡಾಗಿ ಸೀಳಿ ಮತ್ತೆ ಕೂಡುವ ಕಡೆ, ಒಂದು ನಡುಗಡ್ಡೆಯಲ್ಲಿ ಮನೆ ಹಿಡಿದು ಕೂತಿದ್ದೇನೆ. ನನ್ನ ತಂಗಿ ಈಗಲೂ ಫೋನ್ ಮಾಡಿದಾಗಲೆಲ್ಲ ಕೇಳುತ್ತಾಳೆ, "ನಿಂಗೆ ತಲೆ ನೆಟ್ಟಗೈತಾ?"

ಊರೂರು ಸುತ್ತಿ ಬರೆಯುವುದು ನನ್ನ ಕೆಲಸ. ಈ ಗಡ್ಡೆಗೂ ಹಾಗೆ ಸುತ್ತಾಡಿಕೊಂಡು ಹೋಗಲೆಂದು ಬಂದವಳು ಉಳಿದುಬಿಟ್ಟೆ. ಬರೆಯುವುದಕ್ಕೆ ನಾನೇ ಹಾಕಿಕೊಂಡ ಒಂದು ಕಟ್ಟು ಇತ್ತು: ಕೇಳದೆ ಕಾಲಿಡಬಾರದು, ಕೇಳದೆ ಬರೆಯಬಾರದು. ಮೇಲ್ತುದಿಯ ಮೆಕ್ಕೆಜೋಳದ ಹೊಲ, ನಡುವೆ ಒತ್ತಿಕೊಂಡು ನಿಂತ ಮನೆಗಳು, ಕುರಿ ಕೂಡುವ ದೊಡ್ಡಿ, ವರ್ಷಕ್ಕೊಂದು ಆಕಾರ ತಾಳುವ ಮರಳಿನ ದಡ ಎಲ್ಲವನ್ನೂ ಅಲ್ಲಿಯವರ ಜೊತೆಗೇ ನಡೆದು ನೋಡಿದೆ. ಬರೆದದ್ದನ್ನು ಅವರ ಎದುರಿಗೇ ಕೂತು ಓದುತ್ತಿದ್ದೆ. "ಇದು ಬ್ಯಾಡ ಬಿಡ್ರಿ" ಅಂದರೆ ಅಲ್ಲೇ ಗೀಟು ಹಾಕುತ್ತಿದ್ದೆ. ಪ್ರಕಾಶಕರು ಪುಸ್ತಕ ದಿನದಿಂದ ದಿನಕ್ಕೆ ತೆಳ್ಳಗಾಗುತ್ತಿದೆ ಎಂದು ಗೊಣಗಿದರು. ಗೊಣಗಲಿ ಬಿಡಿ.

ಇಲ್ಲಿಯವರ ಒಂದು ಕಟ್ಟನ್ನು ಮೊದಲೇ ಹೇಳಿಬಿಡಬೇಕು. ಇವರು ನೀರಿನ ಮೇಲೆ ಯಾರ ಹೆಸರನ್ನೂ ಕೂಗುವುದಿಲ್ಲ. ಮನೆಯಲ್ಲಿ, ಹೊಲದಲ್ಲಿ ಹೆಸರು ಹಿಡಿದು ಕರೆಯುತ್ತಾರೆ, ಹೆಸರು ಹಿಡಿದೇ ಬೈಯುತ್ತಾರೆ. ಕಾಲು ಒದ್ದೆಯಾಯಿತೋ, ಹೆಸರು ಬಾಯಿಂದ ಹೋಯಿತು. ಆಚೆ ದಡದಲ್ಲಿ ಬಸ್ಸಿಳಿದು ಬಂದವರು "ತೆಪ್ಪಾ... ಓ" ಎಂದು ತೆಪ್ಪವನ್ನು ಕರೆಯಬೇಕೇ ಹೊರತು ತೆಪ್ಪದವನನ್ನಲ್ಲ. ಹೆಸರು ಕೇಳಿದರೆ ಹೊಳೆ ಅದನ್ನು ಇಟ್ಟುಕೊಳ್ಳುತ್ತಾಳೆ, ಆಮೇಲೆ ಹೆಸರಿನವರನ್ನೂ ಕರೆಸಿಕೊಳ್ಳುತ್ತಾಳೆ ಎಂಬ ನಂಬಿಕೆ. ನಾನು ಅದನ್ನು ನಂಬಿದವಳಲ್ಲ, ನಗಾಡಿದವಳೂ ಅಲ್ಲ. ಅವರ ಹೊಳೆ, ಅವರ ಮಾತು ಎಂದು ಸುಮ್ಮನೆ ನಡೆಸಿಕೊಂಡು ಬಂದೆ.

ಹೇಗೂ ಗಡ್ಡೆಯಲ್ಲಿ ನಾನು ಎಲ್ಲರಿಗೂ ಜಗಳೂರಕ್ಕ. ಪೂರ್ತಿ ಹೆಸರು ಗೊತ್ತಿದ್ದದ್ದು ತೆಪ್ಪದವನೊಬ್ಬನಿಗೆ. ನನ್ನ ಪಾರ್ಸೆಲ್ಲುಗಳು ಅವನ ಕೈದಾಟಿಯೇ ಬರಬೇಕಲ್ಲ. ನಡುನೀರಿನಲ್ಲಿ ಅವನ್ನು ಹೆಸರು ಕೆಳಗಾಗುವಂತೆ ಮಗುಚಿ ಹಾಕಿಕೊಂಡು ಬರುತ್ತಿದ್ದ. ನನ್ನ ಬಾಗಿಲಿಗೆ ಬಂದ ಮೇಲೆ ಮೇಲುಮಾಡಿ, ವಿಳಾಸವನ್ನು ಅಕ್ಷರ ಅಕ್ಷರವಾಗಿ ಓದಿ, "ನೀವೇ ಏನ್ರಿ ಇದು?" ಎಂದು ಪ್ರತಿಸಲವೂ ಕೇಳಿ ನಗುತ್ತಿದ್ದ.

ಗಡ್ಡೆಯಲ್ಲಿ ನಾನು ಕಾಣದೆ ಉಳಿದ ಜಾಗ ಒಂದೇ: ಮರಿಗಡ್ಡೆ. ಮೇಲ್ತುದಿಯಿಂದ ಸ್ವಲ್ಪ ಕೆಳಗೆ, ಗಡ್ಡೆಯ ಪಕ್ಕಕ್ಕೆ ಕಡಿದು ಬಿದ್ದ ಒಂದು ಬಂಡೆಗಳ ಗುಂಪು, ನಡುವೆ ಒಂದು ಲಕ್ಕಿ ಪೊದೆ. ಬೇಸಿಗೆಯಲ್ಲಿ ನಡುವಿನ ನೀರು ಮೊಣಕಾಲು ಮುಟ್ಟುವುದಿಲ್ಲ. ವರ್ಷಕ್ಕೊಮ್ಮೆ ಹೆಂಗಸರು ಅಲ್ಲಿಗೆ ಹೋಗಿ ಗಂಗಮ್ಮನಿಗೆ ಅರಿಸಿನ ಅರೆದು ಬರುತ್ತಾರೆ. ಅದನ್ನು ತೋರಿಸಿ ಎಂದು ನಾನು ಬೆನ್ನು ಬಿದ್ದದ್ದು ತೆಪ್ಪದವನ ತಾಯಿಗೆ. ಎಲ್ಲರೂ ಅವರನ್ನು ಅವ್ವ ಎನ್ನುತ್ತಾರೆ, ನಾನೂ ಅವ್ವ ಎನ್ನುತ್ತೇನೆ. ಅವರಿಗೆ ಮಂಡಿನೋವು. ಒಂದು ವರ್ಷ ಮಳೆ ಅಂದರು, ಒಂದು ವರ್ಷ ಮಂಡಿ ಅಂದರು. ಈ ಮಾರ್ಚಿನಲ್ಲಿ ಒಂದು ಬೆಳಗ್ಗೆ ತಾವೇ ಬಾಗಿಲಿಗೆ ಬಂದು ನಿಂತರು.

"ಹೊಳಿ ಸಣ್ಣಗೈತೆ, ಬಿಸ್ಲು ಚಲೋ ಐತೆ. ನಡಿ ಹೋಗಿ ಬರನ, ಇಲ್ಲಂದ್ರೆ ನೀನು ನನ್ನ ಸಾಯಾಕೂ ಬಿಡಲ್ಲ" ಅಂದರು.

ಫೋನು ನೀರಿಗೆ ಬಿದ್ದೀತೆಂದು ಮನೆಯಲ್ಲೇ ಬಿಟ್ಟೆ. ಎಂಥ ಜಾಣೆ ನೋಡಿ. ಮರಿಗಡ್ಡೆಗೆ ಚಪ್ಪಲಿ ಒಯ್ಯುವ ಹಾಗಿಲ್ಲ, ಅದಕ್ಕೆ ಈ ಕಡೆಯ ಮರಳಿನ ಮೇಲೆ ಬಿಟ್ಟೆ. ನ್ಯಾಮತಿ ಸಂತೆಯಲ್ಲಿ ತಂದ ಹಸಿರು ಪಟ್ಟಿಯ ಹೊಸ ಚಪ್ಪಲಿ. ನೀರಿಗಿಳಿಯುವಾಗ ಆಚೆ ದಡದ ರಸ್ತೆಯಲ್ಲಿ ಮೈಕು ಕಟ್ಟಿದ ಆಟೋ ಒಂದು ಹೋಗುತ್ತಿತ್ತು. ಗಾಳಿ ಅತ್ತ ಬೀಸುತ್ತಿದ್ದರಿಂದ ಮಾತು ತುಂಡುತುಂಡಾಗಿ ಕೇಳುತ್ತಿತ್ತು.

"ಏನಂತಾರೆ ಅವ್ವ ಅದು?" ಎಂದು ಕೇಳಿದೆ.

ಅವ್ವ ಕಿವಿಗೊಟ್ಟು ಕೇಳಿದರು. "ಸೀರಿ ಮಾರೋ ಗಾಡಿ. ಹೋದ್ ವಾರಾನೂ ಬಂದಿತ್ತು. ಎಲ್ಡು ಸಲ ಒಗದ್ರೆ ಬಣ್ಣ ಹೊಳೀ ಪಾಲು" ಅಂದರು.

ಇಬ್ಬರೂ ನಕ್ಕೆವು. ನಾನು ಅವರ ತೋಳು ಹಿಡಿದು, ಅವರು ನನ್ನ ಹೆಗಲು ಹಿಡಿದು ದಾಟಿದೆವು. ಮಂಡಿಯ ಕಾರಣಕ್ಕೆ ಅವ್ವ ಪ್ರತಿ ಹೆಜ್ಜೆಗೂ ನಿಂತರು. ನೀರು ತಿಳಿಯಾಗಿತ್ತು, ಕೆಳಗಿನ ಕಲ್ಲುಗಳೆಲ್ಲ ಕಾಣುತ್ತಿದ್ದವು. ಹೊಳೆಯಲ್ಲಿ ನಿಂತು ನಾನು ನಕ್ಕದ್ದು ಅದೇ ಮೊದಲು.

ಮರಿಗಡ್ಡೆಯ ಬಂಡೆಗಳ ಮೇಲೆ ನೀರೇ ಕೊರೆದ ಗುಂಡನೆಯ ಗುಳಿಗಳಿವೆ. ಒಂದೊಂದೂ ಮನೆಯ ಒರಳಿನಷ್ಟೇ ನುಣುಪು. ಗಂಗಮ್ಮನ ಒರಳು ಎನ್ನುತ್ತಾರೆ. ಹೊಸದಾಗಿ ಮದುವೆಯಾಗಿ ಬಂದ ಹೆಣ್ಣು ಮೊದಲು ಅದರಲ್ಲಿ ಅರಿಸಿನದ ಕೊನೆ ಕುಟ್ಟಿ ಹೊಳೆಗೆ ಬಿಡಬೇಕು. ಅವ್ವ ಸೆರಗಿನ ಗಂಟಿನಿಂದ ಅರಿಸಿನ ತೆಗೆದು ಒಂದು ಗುಳಿಗೆ ಕೈಯಿಂದ ಸವರಿ, "ಇದು ನಂದು" ಅಂದರು. ಅವರು ತ್ಯಾವಣಿಗೆಯಿಂದ ಮದುವೆಯಾಗಿ ಬಂದವರು. ಬಂದ ದಿನ ಇಲ್ಲಿ ಕೂತು ಊರಿಗೆ ಕೇಳುವಂತೆ ಅತ್ತರಂತೆ. "ಅತ್ತಿ ಅಂತಿದ್ಲು, ಅರಿಸಿನ ಕುಟ್ಟವ್ವ, ಕಣ್ಣೀರು ಆಮ್ಯಾಲೆ ಕುಟ್ಟೀವಂತೆ" ಎಂದು ನಕ್ಕರು. ಬರೆಯಲೇ ಎಂದೆ. ಬರಿ ಅಂದರು. ನಾನು ಬಂಡೆಗೆ ಬೆನ್ನು ಕೊಟ್ಟು ಗುಳಿಗಳ ಚಿತ್ರ ಗೀಚತೊಡಗಿದೆ. ಯಾವುದು ಯಾರ ಮನೆಯದೆಂದು ಅವ್ವ ಹೇಳುತ್ತ ಹೋದರು. ಹೊತ್ತು ಹೋದದ್ದು ತಿಳಿಯಲಿಲ್ಲ.

ತಲೆ ಎತ್ತಿದಾಗ ಗಡ್ಡೆಯ ಕಡೆಯ ಮರಳಿನ ಮೇಲೆ ನನ್ನ ಚಪ್ಪಲಿ ಇರಲಿಲ್ಲ.

"ಅವ್ವ, ನನ್ನ ಚಪ್ಪಲಿ?"

"ನಾಯಿ ಒಯ್ದಿರ್ತೈತೆ. ಕುರಿ ನಾಯಿಗೆ ಹೊಸಾ ಚಪ್ಲಿ ಅಂದ್ರೆ ಪಂಚಪ್ರಾಣ" ಅಂದರು ಅವ್ವ.

ಅಷ್ಟರಲ್ಲಿ ಹಸಿರು ಪಟ್ಟಿಯ ಒಂದು ಚಪ್ಪಲಿ ನಮ್ಮ ಬಂಡೆಯ ಪಕ್ಕದಲ್ಲೇ ಸುತ್ತುತ್ತಾ ಸುತ್ತುತ್ತಾ ಹೋಯಿತು. ಇಬ್ಬರೂ ಅದನ್ನು ನೋಡಿದೆವು. ಮರಳಿನ ಅಂಚು ಇದ್ದ ಜಾಗದಲ್ಲಿ ನೀರು ನಿಂತಿತ್ತು, ಮರಳೇ ಇರಲಿಲ್ಲ.

"ಇರಾಕಿಲ್ಲ" ಅಂದರು ಅವ್ವ. "ಹೊಳಿ ಹೇಳ್ದೆ ಬರಾಕಿಲ್ಲ. ಬರದಾದ್ರೆ ಮೊದ್ಲು ಕೆಂಪಾಗ್ತಾಳೆ. ನೊರಿ ಬರ್ತೈತೆ, ಕಡ್ಡಿ ಬರ್ತೈತೆ, ಮಣ್ಣಿನ ವಾಸ್ನಿ ಬರ್ತೈತೆ. ಇದು ನೋಡು, ತಿಳಿ ಐತೆ!"

ಅವರ ಲೆಕ್ಕ ಮಳೆಗಾಲದ್ದು. ಅವರು ಬಾಳಿದ್ದು ಅದೇ ಲೆಕ್ಕದ ಮೇಲೆ, ಅದು ಅವರನ್ನು ಯಾವತ್ತೂ ಕೈಬಿಟ್ಟಿರಲಿಲ್ಲ. ಆದರೆ ಇದು ಮಳೆಯ ನೀರಲ್ಲ. ಕೆಳಗಿನ ಊರುಗಳಿಗೆ ಕುಡಿಯಲೆಂದು ಮೇಲಿನ ಅಣೆಕಟ್ಟಿನಿಂದ ಬಿಟ್ಟ ನೀರು. ಅದಕ್ಕೆ ಬಣ್ಣವಿಲ್ಲ, ನೊರೆಯಿಲ್ಲ, ವಾಸನೆಯಿಲ್ಲ. ಅದು ಬರುತ್ತದೆಂದು ಹೇಳಿದ್ದು ಆ ಮೈಕಿನ ಆಟೋ. ಸೀರೆಯ ಗಾಡಿ! ಅದು ಹೊಳೆದದ್ದೇ ತಡ, ಅವ್ವನಿಗೆ ಹೇಳಿದೆ. ಅವರು ಬಾಯಿ ಮೇಲೆ ಕೈ ಇಟ್ಟುಕೊಂಡರು.

ನಾನು ಸೀರೆ ಎತ್ತಿ ಕಟ್ಟಿ ನೀರಿಗೆ ಇಳಿದು ನೋಡಿದೆ. ಎರಡು ಹೆಜ್ಜೆಗೆ ತೊಡೆ ಮುಚ್ಚಿತು. ಬೆಳಗ್ಗೆ ಮೆತ್ತಗೆ ಸರಿಯುತ್ತಿದ್ದ ನೀರು ಈಗ ಕಾಲನ್ನು ಹಿಡಿದು ಎಳೆಯಿತು, ಕೆಳಗಿನ ಕಲ್ಲು ಉರುಳಿತು. ಬಂಡೆಯ ಅಂಚು ಕೈಗೆ ಸಿಗದಿದ್ದರೆ ಈ ಬರಹ ಇರುತ್ತಿರಲಿಲ್ಲ. ಅವ್ವ ನನ್ನ ಸೆರಗು ಹಿಡಿದು ಜಗ್ಗಿ ಮೇಲಕ್ಕೆಳೆದುಕೊಂಡರು. ನನಗೆ ಈಜು ಬಾರದು, ಅವರಿಗೆ ಮಂಡಿ ಇಲ್ಲ. ನೀರು ಒಂದು ಬೆರಳು, ಇನ್ನೊಂದು ಬೆರಳು ಎಂದು ಬಂಡೆ ಹತ್ತುತ್ತಿತ್ತು. ಕೆಳಗಿನ ಗುಳಿಗಳು ಒಂದೊಂದೇ ತುಂಬಿ ಮುಳುಗಿದವು.

ಭಯವೆಂದರೆ ಎಂಥದೆಂದು ಆವತ್ತು ಗೊತ್ತಾಯಿತು. ನನ್ನ ಜೀವದ ಭಯ ಇತ್ತು, ಇಲ್ಲವೆನ್ನುವುದಿಲ್ಲ. ಅದಕ್ಕಿಂತ ದೊಡ್ಡದು ಪಕ್ಕದಲ್ಲಿ ಕೂತಿತ್ತು. ತನ್ನ ಪಾಡಿಗೆ ಮನೆಯಲ್ಲಿ ರೊಟ್ಟಿ ತಟ್ಟಿಕೊಂಡಿದ್ದ ಹೆಂಗಸು ನನ್ನ ಒಂದು ಅಧ್ಯಾಯಕ್ಕಾಗಿ ಇಲ್ಲಿ ಬಂದು ಕೂತಿದ್ದರು. ಇವರನ್ನು ಹೇಗಾದರೂ ಮನೆ ಮುಟ್ಟಿಸಬೇಕು, ಇಲ್ಲದಿದ್ದರೆ ನಾನು ಯಾವ ಮುಖ ಹೊತ್ತು ಆ ಗಡ್ಡೆಯ ಮೇಲೆ ನಡೆಯಲಿ? ನಡೆಯಲು ನಾನಿದ್ದರೆ ತಾನೆ!

ಕೂಗಿದೆವು. "ಬರ್ರೀ... ಯಾರಾದ್ರೂ ಬರ್ರಪ್ಪೋ" ಎಂದು ನಾನು ಗಂಟಲು ಹರಿಯುವಂತೆ ಕೂಗಿದೆ. ಮನೆಗಳು ದೂರ, ನಡುವೆ ಮೆಕ್ಕೆಜೋಳ ಆಳುದ್ದ ನಿಂತಿತ್ತು. ಕೇಳಿದರೂ ಪ್ರಯೋಜನವಿಲ್ಲ. ಬೇಸಿಗೆಯಲ್ಲಿ ಹೊಳೆಯಲ್ಲಿ ಆಡುವ ಮಕ್ಕಳು ಇಡೀ ದಿನ ಹೀಗೇ ಕಿರುಚುತ್ತವೆ. ಆಮೇಲೆ ಅವ್ವ ಬಾಯಿಗೆ ಎರಡೂ ಕೈ ಒಡ್ಡಿ, ಉದ್ದಕ್ಕೆ ಎಳೆದು, "ತೆಪ್ಪಾ... ಓ" ಎಂದರು. ಹೊಳೆಯ ತಿರುವಿನ ಆಚೆ, ತೆಪ್ಪ ಕಟ್ಟುವ ಕಡೆಯಿಂದ ಅವರ ಮಗನ ದನಿ ಬಂತು. "ಬಂದೇ..."

ನನಗೆ ಹೋದ ಜೀವ ಬಂದಂತಾಯಿತು. ಕಾದೆವು. ತೆಪ್ಪ ಬರಲಿಲ್ಲ. ಇನ್ನೊಮ್ಮೆ ಕೂಗಿದರು. ಮತ್ತೆ ಅದೇ, "ಬಂದೇ..." ಆಗ ಅವ್ವನಿಗೇ ಅರ್ಥವಾಯಿತು. ಅವನು ತನ್ನ ತಾಯಿಗೆ ಉತ್ತರ ಕೊಡುತ್ತಿರಲಿಲ್ಲ. ಅವನ ಪಾಲಿಗೆ ಅದು ಆಚೆ ದಡದಲ್ಲಿ ಬಸ್ಸಿಳಿದು ನಿಂತ ಯಾರದೋ ಕೂಗು. ದಿನವಿಡೀ ಕೇಳುವ ಕೂಗು, ದಿನವಿಡೀ ಕೊಡುವ ಉತ್ತರ. ನೀರು ಏರಿದ್ದನ್ನು ಕಂಡು ಅವನು ತೆಪ್ಪ ಕಟ್ಟಿ ಬೀಡಿ ಹಚ್ಚಿಕೊಂಡಿರಬೇಕು.

ನಾನು ತಡೆಯಲಾರದೆ ಎದ್ದು ನಿಂತೆ. ಅವನ ಹೆಸರಿನ ಮೊದಲ ಅಕ್ಷರ ನನ್ನ ಬಾಯಿಂದ ಹೊರಟಿತ್ತು, ಅವ್ವ ನನ್ನ ಕಾಲು ಹಿಡಿದು ಕೆಡವಿ ಬಾಯಿ ಮುಚ್ಚಿದರು. ಅರಿಸಿನ ಮೆತ್ತಿದ ಕೈ. ಉಸಿರು ಕಟ್ಟುವಷ್ಟು ಬಿಗಿಯಾಗಿ ಒತ್ತಿದ್ದರು.

"ಅವನ್ ಹೆಸ್ರು ಕೂಗಿದ್ಯೋ, ನಿನ್ನ ಇಲ್ಲೇ ನಾನೇ ನೂಕ್ತೀನಿ" ಅಂದರು. "ದಿನಾ ಅವ್ನು ಇರದೇ ನೀರಾಗೆ. ದಿನಾ ಇವಳ ಮ್ಯಾಲೇ ಹೋಗಿ ಬರಾನು. ನಾನು ಮುದುಕಿ ಹೋದ್ರೆ ಹೋಕ್ತೀನಿ. ಅವ್ನ ಹೆಸ್ರು ಇವ್ಳ ಕಿವಿಗೆ ಹಾಕಬ್ಯಾಡ ನಮ್ಮವ್ವ."

ನೀರಿಗೆ ಅವರು ಅಷ್ಟು ಹೆದರಿರಲಿಲ್ಲ. ನಾನು ಅವರ ಕೈ ಬಿಡಿಸಿಕೊಂಡು, ಇಲ್ಲ ಅವ್ವ, ಕೂಗಲ್ಲ, ಆಣೆ ಮಾಡಿ ಹೇಳ್ತೀನಿ ಎಂದೆ. ನೀರು ಆಗ ಅವ್ವನ ಒರಳನ್ನು ಮುಟ್ಟಿತು. ನಾವು ಲಕ್ಕಿ ಪೊದೆಗೆ ಸರಿದೆವು. ಅದಕ್ಕಿಂತ ಮೇಲೆ ಸರಿಯಲು ಜಾಗವಿರಲಿಲ್ಲ.

ಅವನನ್ನು ಎಬ್ಬಿಸಬಲ್ಲದ್ದು ಒಂದೇ, ಹೊಳೆಯ ಮೇಲೆ ಒಂದು ಹೆಸರು. ಯಾರದಾದರೂ ಸರಿ, ಗಡ್ಡೆಯಲ್ಲಿ ಹುಟ್ಟಿದವನು ಅದನ್ನು ಕೇಳಿ ಕೂತಿರಲಾರ. ಅವನದು ಕೂಗುವಂತಿಲ್ಲ, ಅವ್ವನದು ನಾನು ಕೂಗಲಾರೆ. ಉಳಿದದ್ದು ನನ್ನದು. ಅಯ್ಯೋ, ಇಷ್ಟೇ ತಾನೆ, ನಂಬದವಳಿಗೆ ಏನು ಕಷ್ಟ ಅನ್ನುತ್ತೀರಿ. ನಾನೂ ಹಾಗೇ ಅಂದುಕೊಂಡು ಬಾಯಿ ತೆರೆದೆ. ದನಿ ಬರಲಿಲ್ಲ. ಹೊಳೆ ನಾಲ್ಕೂ ಕಡೆಯಿಂದ ಸದ್ದು ಮಾಡುತ್ತಿತ್ತು, ಅದರೊಳಗೆ ನನ್ನ ಹೆಸರನ್ನು ಹಾಕಬೇಕಿತ್ತು. ಅಪ್ಪ ಇಟ್ಟ ಹೆಸರು. ಶಾಲೆಯಲ್ಲಿ ಹಾಜರಿ ಹೇಳಿದ ಹೆಸರು, ಪುಸ್ತಕದ ಬೆನ್ನ ಮೇಲೆ ಇರುವ ಹೆಸರು. ನಂಬಿಕೆ ಇಲ್ಲದವಳು ಹೀಗೆ ಯಾಕೆ ಹೆದರಿದೆ ಎಂದು ಆಮೇಲೆ ಬಹಳ ಯೋಚಿಸಿದ್ದೇನೆ.

ಅವ್ವನ ಕಡೆ ನೋಡಿದೆ. ಅವರ ಸೀರೆಯ ಅಂಚು ನೀರಿನಲ್ಲಿ ತೇಲುತ್ತಿತ್ತು. ನಾನು ಕಣ್ಣು ಮುಚ್ಚಿಕೊಂಡು ನನ್ನ ಹೆಸರನ್ನು, ತಂದೆಯ ಹೆಸರನ್ನೂ ಸೇರಿಸಿ, ಪಾರ್ಸೆಲ್ಲಿನ ಮೇಲೆ ಇರುವ ಹಾಗೆಯೇ, ಎಳೆದು ಕೂಗಿದೆ. ಅವ್ವ "ಶಿವನೇ" ಎಂದು ಕಿವಿ ಮುಚ್ಚಿಕೊಂಡರು. ಮತ್ತೆ ಕೂಗಿದೆ. ಕೂಗುತ್ತಲೇ ಇದ್ದೆ.

ತಿರುವಿನಾಚೆಯಿಂದ "ಬಂದೇ" ಎಂಬ ಉತ್ತರ ಬರಲಿಲ್ಲ. ಯಾವ ಉತ್ತರವೂ ಬರಲಿಲ್ಲ. ಆಮೇಲೆ ಮೆಕ್ಕೆಜೋಳ ಮುರಿಯುವ ಸದ್ದು ಕೇಳಿತು. ತೆಪ್ಪದವನು ಫೈಬರ್ ತೆಪ್ಪವನ್ನು ತಲೆಯ ಮೇಲೆ ಬೋರಲು ಹೊತ್ತು ಹೊಲದೊಳಗಿಂದ ಓಡಿ ಬರುತ್ತಿದ್ದ. ಹಿಂದೆ ಇನ್ನಿಬ್ಬರು ಹಗ್ಗ ಹಿಡಿದು ಬಂದರು.

ಅವನು ನೇರ ನಮ್ಮ ಕಡೆ ಬರಲಿಲ್ಲ, ದಡದ ಮೇಲೆಯೇ ಮೇಲಕ್ಕೆ ಓಡಿದ. ಎಲ್ಲಿಗೆ ಹೋಗ್ತಾನೆ ಇವನು, ನಮ್ಮನ್ನು ಬಿಟ್ಟು ಎಲ್ಲಿಗೆ ಹೋಗ್ತಾನೆ ಎಂದು ನಾನು ಹುಚ್ಚಿಯ ಹಾಗೆ ಅಳತೊಡಗಿದೆ. ಅವ್ವ ಗದರಿದರು. "ಸುಮ್ನಿರು. ಮ್ಯಾಲಿಂದ ಬಿಡ್ತಾನೆ." ಹಾಗೆಯೇ ಆಯಿತು. ಬಹಳ ಮೇಲೆ ಹೋಗಿ ತೆಪ್ಪವನ್ನು ನೀರಿಗೆ ಹಾಕಿದ. ಅದರ ಹಗ್ಗವನ್ನು ದಡದ ಇಬ್ಬರು ಬೇವಿನ ಮರಕ್ಕೆ ಒಂದು ಸುತ್ತು ಹಾಕಿ ಹಿಡಿದು ಸ್ವಲ್ಪ ಸ್ವಲ್ಪವೇ ಸಡಿಲಿಸಿದರು. ಅವನು ಹುಟ್ಟು ಹಾಕುತ್ತ ಅಡ್ಡಕ್ಕೆ ಸರಿಯುತ್ತ, ಸೆಳೆತದ ಜೊತೆಗೇ ಇಳಿದು ಬಂದ. ಮೊದಲ ಸಲ ಬಂಡೆ ತಪ್ಪಿತು. ತೆಪ್ಪ ಗಿರಗಿರ ತಿರುಗಿ ನಮ್ಮನ್ನು ದಾಟಿ ಹೋಯಿತು. ಹಗ್ಗ ಬಿಗಿದು ನಿಂತಿತು, ಮತ್ತೆ ಎಳೆದರು. ಎರಡನೆಯ ಸಲ ಅವನು ಲಕ್ಕಿ ಪೊದೆಯನ್ನೇ ತಬ್ಬಿ ಹಿಡಿದ.

"ಮೊದ್ಲು ಅವ್ವ" ಎಂದೆ. "ಮೊದ್ಲು ಅವಳು" ಅಂದರು ಅವ್ವ. "ಇಬ್ರೂ ಬಾಯಿ ಮುಚ್ಚಿ ಹತ್ರಿ!" ಎಂದು ಅವನು ಅಬ್ಬರಿಸಿದ. ಅವ್ವನನ್ನು ನಾನು ಕೆಳಗಿಂದ ನೂಕಿದೆ, ಅವನು ಮೇಲಿಂದ ಎಳೆದ. ಮಂಡಿ ಮಡಿಸಲಾಗದೆ ಅವರು ಚೀರಿದರು. ನಾನು ಹತ್ತಿದಾಗ ತೆಪ್ಪ ಒಂದು ಕಡೆ ವಾಲಿ ನೀರು ಒಳಗೆ ಬಂತು. ನಾನು ಕಣ್ಣು ಮುಚ್ಚಲಿಲ್ಲ. ಮುಚ್ಚಿದರೆ ತೆರೆಯುವೆನೋ ಇಲ್ಲವೋ ಎಂಬ ಹೆದರಿಕೆ. ದಡ ಮುಟ್ಟುವವರೆಗೆ ಅವ್ವ ನನ್ನ ಎರಡೂ ಕೈಗಳನ್ನು ತಮ್ಮ ಮಡಿಲಲ್ಲಿ ಅದುಮಿ ಇಟ್ಟುಕೊಂಡಿದ್ದರು. ನನ್ನ ಬೆರಳು ಕೂಡ ನೀರಿಗೆ ತಾಕಲು ಬಿಡಲಿಲ್ಲ.

ದಡದಲ್ಲಿ ಊರೇ ನಿಂತಿತ್ತು. ಅವ್ವನ ಕಾಲು ನೆಲ ಮುಟ್ಟಿದ್ದನ್ನು ನೋಡಿ ನಾನು ಮರಳಿನ ಮೇಲೆ ಕುಸಿದೆ. ಆದರೆ ಜನ ನನ್ನ ಕಡೆ ನೋಡಿ ಮುಖ ತಿರುಗಿಸಿಕೊಂಡರು. ಕೂಗಿದ್ದನ್ನು ಎಲ್ಲರೂ ಕೇಳಿದ್ದರು.

ಆಮೇಲಿನ ದಿನಗಳಲ್ಲಿ ನನ್ನನ್ನು ತೆಪ್ಪ ಹತ್ತಲು ಬಿಡಲಿಲ್ಲ. ಹೊಳೆದಂಡೆಗೆ ಹೊರಟರೆ ಯಾರಾದರೂ ಒಬ್ಬರು ಕೆಲಸ ಬಿಟ್ಟು ಬಂದು ಅಡ್ಡ ನಿಲ್ಲುತ್ತಿದ್ದರು. "ಎಲ್ಲಿಗ್ರಿ ಅಕ್ಕ? ನೀರು ನಾವ್ ತರ್ತೀವಿ, ಒಳಗೆ ಕುಂದ್ರಿ." ನಾನು ಸಾಯುವ ಸರದಿಯಲ್ಲಿರುವವಳೆಂದು ಅವರ ಕಣ್ಣುಗಳು ಹೇಳುತ್ತಿದ್ದವು. ಅದನ್ನು ನೋಡಿ ನೋಡಿ ನನಗೂ ಹೆದರಿಕೆ ಹತ್ತಿತು. ಮಲಗಿದರೆ ಹೊಳೆಯ ಸದ್ದಿನಲ್ಲಿ ನನ್ನ ಹೆಸರು ಕೇಳಿದಂತಾಗಿ ಎದ್ದು ಕೂರುತ್ತಿದ್ದೆ. ಗಂಟು ಕಟ್ಟಿ ಜಗಳೂರಿಗೆ ಹೋಗಿಬಿಡೋಣ ಅನ್ನಿಸಿತು. ಹೋಗುವುದಾದರೂ ಹೊಳೆ ದಾಟಬೇಕು!

ಕಡೆಗೆ ಅವ್ವ ಕೋಲೂರಿಕೊಂಡು ಬಂದರು. ಬಾಗಿಲು ಹಾಕಿ, ನನ್ನ ಎದುರಿಗೆ ಕಾಲು ಚಾಚಿ ಕೂತರು.

"ಕೂಗಿದ್ ಹೆಸ್ರು ಹೊಳೀದಾತು. ಅದನ್ನ ಮೈಮ್ಯಾಲೆ ಇಟ್ಕಂಡು ತಿರುಗಿದ್ರೆ ಹುಡಿಕ್ಕಂಡು ಬರ್ತಾಳೆ. ಬಿಟ್ಬಿಡು ಅದನ್ನ" ಅಂದರು.

"ಬಿಟ್ಟು ಏನಂತ ಇರ್ಲಿ ಅವ್ವ, ಈ ವಯಸ್ಸಿನಾಗೆ?"

ಅವರು ತಮ್ಮ ಮಂಡಿ ಸವರಿಕೊಂಡರು. "ನಂದು ತೌರುಮನಿ ಹೆಸ್ರು ಒಂದೈತೆ. ಇಲ್ಲಿಗೆ ಬಂದಾಗ ಅತ್ತಿ ಬ್ಯಾರೆ ಇಟ್ಲು. ತ್ಯಾವಣಿಗ್ಯಾಗೆ ನನ್ನ ಹಂಗೆ ಕರಿಯೋರು ಎಲ್ಲಾ ಹೋದ್ರು. ಅದು ಸುಮ್ನೆ ಬಿದ್ದೈತೆ ನನ್ ಹತ್ರ. ಹೊಳೀಗೆ ಗೊತ್ತಿಲ್ಲ ಅದು. ನೀನಿಟ್ಕ."

ನನ್ನ ಕಿವಿಗೆ ಬಾಯಿ ಇಟ್ಟು ಹೇಳಿದರು. ಪುಟ್ಟ ಹೆಸರು. ನಾನು ಅವರ ತೊಡೆಯ ಮೇಲೆ ತಲೆ ಇಟ್ಟು ಅತ್ತೆ. ಅವರು ತಲೆ ಸವರುತ್ತ, ಅತ್ತೆಯ ಮಾತನ್ನೇ ತಿರುಗಿಸಿ, "ಅಳದು ಆಮ್ಯಾಲೆ ಕುಟ್ಟೀವಂತೆ" ಅಂದರು. ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಇದು ಹೊಳೆಯ ಮೇಲಿಂದ ಹೋಗಬೇಕಾದ ಬರಹ. ಮತ್ತೆ ಯಾರ ಹೆಸರೂ ಇದರಲ್ಲಿ ಇಲ್ಲದಿರುವುದಕ್ಕೂ ಅದೇ ಕಾರಣ.

ನೀರು ಇಳಿದ ಮೇಲೆ ಮೊದಲ ಸಲ ತೆಪ್ಪ ಹತ್ತಿದೆ. ನ್ಯಾಮತಿಗೆ ಹೋಗಿ ಚಪ್ಪಲಿ ತರಬೇಕಿತ್ತು, ಅವ್ವನ ಮಂಡಿಗೆ ಎಣ್ಣೆಯನ್ನೂ. ಮಂಡಿ ಹಾಗಿದ್ದರೂ ಅವ್ವ ಜೊತೆಗೆ ಬಂದರು. ನಡುನೀರಿನಲ್ಲಿದ್ದೆವು. ಆಚೆ ದಡದಲ್ಲಿ ಬೈಕು ನಿಲ್ಲಿಸಿ ಒಬ್ಬ ಕೊರಿಯರಿನವನು ಕೈಯಲ್ಲಿ ಪಾರ್ಸೆಲ್ ಎತ್ತಿ ಹಿಡಿದು, ನನ್ನ ಹಳೆಯ ಹೆಸರನ್ನು ಪೂರ್ತಿಯಾಗಿ, ಗಟ್ಟಿಯಾಗಿ ಕೂಗಿದ.

ಹುಟ್ಟು ನೀರಿನ ಮೇಲೆಯೇ ನಿಂತಿತು. ಅವ್ವನ ಕೈ ನನ್ನ ಮಣಿಕಟ್ಟನ್ನು ಹಿಡಿಯಿತು. ಅವನು ಇನ್ನೊಮ್ಮೆ ಕೂಗಿದ. ನನ್ನ ಕತ್ತು ತಾನಾಗಿ ತಿರುಗಲು ಹೊರಟದ್ದನ್ನು ನಾನು ತಡೆದು ಹಿಡಿದೆ. ಅಷ್ಟು ಹೆದರಿಕೆ ನನಗೆ ಆ ಬಂಡೆಯ ಮೇಲೂ ಆಗಿರಲಿಲ್ಲ.

ಆಗ ತೆಪ್ಪದವನು ಹುಟ್ಟನ್ನು ಮತ್ತೆ ನೀರಿಗಿಳಿಸುತ್ತ ದಡದ ಕಡೆಗೆ ಕೂಗಿ ಹೇಳಿದ. "ಆ ಹೆಸ್ರಿನೋರು ಈ ಗಡ್ಡಿ ಮ್ಯಾಲೆ ಯಾರೂ ಇಲ್ಲ ರೀ."